ಚಿಕ್ಕಸ್ವಾಮಿಯ ಕತ್ತಿನ ಹರಕೆ

ಹಲಗಯ್ಯನಕೊಪ್ಪಲಿನ ಹಾಲಿನ ಡೇರಿ ಕಾರ್ಯದರ್ಶಿ ಚಿಕ್ಕಸ್ವಾಮಿ ಕಟ್ಟುನಿಟ್ಟಿನ ಮನುಷ್ಯನಾದದ್ದು ತೊಂಬತ್ತನಾಲ್ಕನೇ ಇಸವಿಯ ಮಾರ್ಚ್ ತಿಂಗಳ ಒಂದು ಸೋಮವಾರ, ಬೆಳಗಿನ ಆರೂಮುಕ್ಕಾಲಿಗೆ. ಅದಕ್ಕೂ ಮುಂಚಿನ ಇಪ್ಪತ್ತೇಳು ವರ್ಷಗಳಲ್ಲಿ ಅವನು ಯಾರಿಗೂ ಇಲ್ಲ ಎಂದವನಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಕ್ಷಮೆ ಕೇಳುತ್ತಿದ್ದ. ಕ್ಷೌರದವನು ಹೇಳಿದ್ದಕ್ಕಿಂತ ಹೆಚ್ಚು ಕೂದಲು ತೆಗೆದರೆ, ಬೇಸಿಗೆಗೆ ಒಳ್ಳೆಯದೇ ಆಯಿತು ಎನ್ನುತ್ತಿದ್ದ. ಅವನಿಗೆ ಆ ಕೆಲಸ ಸಿಕ್ಕಿದ್ದೇ ಈ ಗುಣದಿಂದ. ಡೇರಿ ಅಧ್ಯಕ್ಷ ನಂಜಪ್ಪನವರಿಗೆ ಎದುರು ಮಾತಾಡದ ಹುಡುಗ ಬೇಕಿತ್ತು; ಊರವರಿಗೆ ಕಣ್ಣು ಸರಿಯಾಗಿ ಕಾಣದ ಹುಡುಗ ಬೇಕಿತ್ತು. ಚಿಕ್ಕಸ್ವಾಮಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಕಂಡದ್ದನ್ನೆಲ್ಲ ಬರೆಯುವ ಅಭ್ಯಾಸ ಇರಲಿಲ್ಲ.

ಹಾಲಿನ ಪರೀಕ್ಷೆ ಏನೂ ದೊಡ್ಡ ವಿದ್ಯೆಯಲ್ಲ. ಉದ್ದನೆಯ ಗಾಜಿನ ಜಾರಿಗೆ ಹಾಲು ಸುರಿದು, ಅದರೊಳಕ್ಕೆ ಲ್ಯಾಕ್ಟೋಮೀಟರ್ ಬಿಡಬೇಕು. ಒಳ್ಳೆಯ ಹಾಲಾದರೆ ಅದು ತೇಲಿ ಇಪ್ಪತ್ತೆಂಟು ತೋರಿಸುತ್ತದೆ. ನೀರು ಬೆರೆತಷ್ಟೂ ಮುಳುಗುತ್ತದೆ. ಜಾರನ್ನು ಕಲ್ಲಿನ ಕಟ್ಟೆಯ ಮೇಲಿಟ್ಟು, ಸೊಂಟ ಬಗ್ಗಿಸಿ, ಕತ್ತು ಓರೆ ಮಾಡಿ ಅದನ್ನು ನೋಡಬೇಕು. ನೋಡುವವನು ಒಬ್ಬನೇ ಆದ್ದರಿಂದ ಕಂಡದ್ದು ಅವನಿಗೂ ದೇವರಿಗೂ ಮಾತ್ರ ಗೊತ್ತಿರುತ್ತಿತ್ತು. ಊರಂಚಿನ ಮಂಚಮ್ಮ ತನ್ನ ಎಮ್ಮೆಗಳಿಗಿಂತ ನಲ್ಲಿಯನ್ನೇ ಹೆಚ್ಚು ನಂಬಿದ ಹೆಂಗಸು. ಮೀಟರು ಮುಳುಗುವ ಹೊತ್ತಿಗೆ ಸರಿಯಾಗಿ ಅವಳು, "ಮಗ್ಳು ಬಾಣಂತಿ ಕಣ್ಲಾ ಚಿಕ್ಸಾಮಿ" ಎನ್ನುತ್ತಿದ್ದಳು. ಚಿಕ್ಕಸ್ವಾಮಿ ಇಪ್ಪತ್ತೆಂಟು ಎಂದು ಬರೆಯುತ್ತಿದ್ದ. ಆ ಮಗಳು ಬಾಣಂತಿಯಾಗಿ ಆಗ ಎರಡು ವರ್ಷವಾಗಿತ್ತು. ನಂಜಪ್ಪನವರ ಮನೆಯ ಕ್ಯಾನು ಬಂದಾಗ ಅವರು ಎಡಗಡೆ ನಿಂತು ಒಂದು ಸಲ ಕೆಮ್ಮುತ್ತಿದ್ದರು. ಚಿಕ್ಕಸ್ವಾಮಿ ಆ ಕಡೆ ತಿರುಗಿ, ಅವರ ಹುಬ್ಬು ನೋಡಿ, ಹುಬ್ಬು ಹೇಳಿದ್ದನ್ನು ಬರೆಯುತ್ತಿದ್ದ.

ಕತ್ತುನೋವು ಶುರುವಾಗಿ ಒಂದು ವರ್ಷವಾಗಿತ್ತು. ಮೊದಲು ತಲೆದಿಂಬಿನ ಮೇಲೆ ಅನುಮಾನ ಬಂತು. ಅವನ ತಾಯಿ ಜಯಲಕ್ಷ್ಮಮ್ಮ ದಿಂಬು ಬದಲಾಯಿಸಿದರು, ಆಮೇಲೆ ಚಾಪೆ, ಆಮೇಲೆ ಮಲಗುವ ದಿಕ್ಕು. ನೋವು ಎಲ್ಲ ದಿಕ್ಕಿಗೂ ಒಗ್ಗಿಕೊಂಡಿತು. ಬೆಳಿಗ್ಗೆ ಏಳುವಾಗ ಮೈಯೆಲ್ಲ ಮರಗಟ್ಟಿರುತ್ತಿತ್ತು. ತಾಯಿ ಎರಡೂ ಕೈ ಹಿಡಿದು ಎಳೆದು ಕೂರಿಸಬೇಕಿತ್ತು. ಕೊನೆಗೆ ಹಾಲಿನ ವ್ಯಾನಿನ ಡ್ರೈವರ್ ಇಮಾಮ್ ಸಾಬರು ಅವನನ್ನು ಕ್ಯಾನುಗಳ ನಡುವೆ ಕೂರಿಸಿಕೊಂಡು ಮೈಸೂರಿನ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು.

ಡಾಕ್ಟರಮ್ಮ ಎಕ್ಸ್‌ರೇ ನೋಡಿ ಕೀಲುವಾತ ಎಂದರು.

"ಅದು ಮುದುಕರಿಗೆ ಬರೋದಲ್ವಾ ಮೇಡಂ? ನಂಗಿನ್ನೂ ಮದುವೆನೇ ಆಗಿಲ್ಲ" ಎಂದ ಚಿಕ್ಕಸ್ವಾಮಿ.

"ಅದು ಮದುವೆ ಆಗಿದೆಯಾ ಅಂತ ಕೇಳ್ಕೊಂಡು ಬರಲ್ಲಪ್ಪ."

"ಯಾವಾಗ ಹೋಗ್ತದೆ?"

"ಹೋಗೋದಿಲ್ಲ. ಜೊತೇಲಿಟ್ಕೊಂಡು ಬಾಳೋದು ಕಲೀಬೇಕು. ಮಾತ್ರೆ ಇದೆ, ವ್ಯಾಯಾಮ ಇದೆ, ಉಪ್ಪಿನ ಶಾಖ ತಗೋ. ನೋವು ಜಾಸ್ತಿ ಇರೋ ಹೊತ್ತಲ್ಲಿ ಈ ಪಟ್ಟಿ ಹಾಕ್ಕೊ" ಎಂದು ಅವರು ಕತ್ತಿಗೆ ಸುತ್ತುವ ದಪ್ಪನೆಯ ಬಿಳೀ ಪಟ್ಟಿ ಕೊಟ್ಟರು.

ಊರಿಗೆ ಬಂದ ಮೇಲೆ ಜಯಲಕ್ಷ್ಮಮ್ಮ ಬಾಗಿಲು ಹಾಕಿಕೊಂಡು ಅತ್ತರು. ಆಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಕೆ.ಆರ್. ಪೇಟೆಯವರು ಹೇಳದೆ ಕೇಳದೆ ಬೆಳಿಗ್ಗೆ ಐದೂವರೆಗೇ ಬಂದು, ಹುಡುಗ ಗೋಡೆ ಹಿಡಿದು ನಡೆಯುವುದನ್ನು ನೋಡಿ, ಕುಡಿಯುತ್ತಾನೆ ಎಂದುಕೊಂಡು ಹೋದರು. ನಾಗಮಂಗಲದವರಿಗೆ ಕತ್ತುನೋವಿನ ನಿಜವನ್ನೇ ಹೇಳಿದ್ದಾಯಿತು; ಅವರು ಕಾಫಿಯನ್ನೂ ಕುಡಿಯದೆ ಎದ್ದರು. "ಇನ್ ಮ್ಯಾಕೆ ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು ಕಣ್ಲಾ ಮಗ. ಗೊತ್ತಾದ್ರೆ ನಿಂಗೆ ಎಣ್ಣು ಕೊಡೋರು ಈ ಜಿಲ್ಲೇಲಿ ಇಲ್ಲ" ಎಂದು ಅವರು ಮಗನ ಕೈಯಲ್ಲಿ ಆಣೆ ಮಾಡಿಸಿಕೊಂಡರು. ಚಿಕ್ಕಸ್ವಾಮಿಗೂ ಮದುವೆಯಾಗುವ ಆಸೆ ಬಹಳ ಇತ್ತು. ಅವನು ಆಣೆ ಮಾಡಿದ.

ಹೀಗಾಗಿ ಆ ಸೋಮವಾರ ಬೆಳಿಗ್ಗೆ ಅವನು ಪಟ್ಟಿಯ ಮೇಲೆ ಕೆಂಪಂಚಿನ ಟವಲ್ ಸುತ್ತಿಕೊಂಡು ಡೇರಿಗೆ ಬಂದ. ಮಂಚಮ್ಮನ ಹಾಲನ್ನು ಜಾರಿಗೆ ಸುರಿದು ಕಟ್ಟೆಯ ಮೇಲಿಟ್ಟ. ಬಗ್ಗಲು ಹೋದ, ಕತ್ತು ಒಪ್ಪಲಿಲ್ಲ. ಮತ್ತೊಮ್ಮೆ ಹೋದ, ಕಣ್ಣಲ್ಲಿ ನೀರು ಬಂತು. ಬೇರೆ ದಾರಿ ಕಾಣದೆ ಜಾರನ್ನೇ ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಮಟ್ಟಕ್ಕೆ ಎತ್ತಿದ. ಕಿಟಕಿಯಿಂದ ಬರುತ್ತಿದ್ದ ಬೆಳಗಿನ ಬಿಸಿಲು ನೇರವಾಗಿ ಜಾರಿನ ಮೇಲೆ ಬಿತ್ತು. ಸಾಲಿನಲ್ಲಿದ್ದ ನಲವತ್ತು ಜನರಿಗೂ ಮೀಟರು ಮುಳುಗಿರುವುದು ಚೆನ್ನಾಗಿ ಕಂಡಿತು.

"ಇಪ್ಪತ್ನಾಲ್ಕು" ಎಂದು ಹಿಂದಿನಿಂದ ಯಾರೋ ಓದಿದರು.

"ಏನ್ಲಾ ಇದು, ಮೀಟ್ರಿಗೆ ಮಂಗ್ಳಾರತಿ ಎತ್ತಿದ್ದೀಯಾ? ಕೆಳೀಕ್ ಮಡುಗ್ಲಾ. ಮಗ್ಳು ಬಾಣಂತಿ" ಎಂದಳು ಮಂಚಮ್ಮ.

ಊರೆಲ್ಲ ನೋಡಿದ ಮೇಲೆ ಇಪ್ಪತ್ತೆಂಟು ಎಂದು ಬರೆಯುವುದು ಚಿಕ್ಕಸ್ವಾಮಿಯಂಥ ಚಿಕ್ಕಸ್ವಾಮಿಗೂ ಆಗದ ಕೆಲಸ. ಇಪ್ಪತ್ನಾಲ್ಕು ಎಂದು ಬರೆದ. ಮುಂದಿನದು ನಂಜಪ್ಪನವರ ಮನೆಯ ಕ್ಯಾನು. ಅಧ್ಯಕ್ಷರು ಎಡಗಡೆ ನಿಂತು ಕೆಮ್ಮಿದರು. ಚಿಕ್ಕಸ್ವಾಮಿ ತಿರುಗಲಿಲ್ಲ. ಅವರು ಎರಡು ಸಲ ಕೆಮ್ಮಿದರು, ಆಮೇಲೆ ದಮ್ಮಿನವರಂತೆ ಕೆಮ್ಮಿದರು. ಯಾರೋ ನೀರು ತಂದುಕೊಟ್ಟರು. ಅಷ್ಟರಲ್ಲಿ ಜಾರು ಮೇಲೇರಿತ್ತು. ಇಪ್ಪತ್ತಮೂರು ಎಂದು ಸಾಲಿಗೆ ಸಾಲೇ ಓದಿತು.

ಆ ದಿನವೆಲ್ಲ ಊರಿನಲ್ಲಿ ಅದೇ ಮಾತು. ಕುಳ್ಳಯ್ಯನ ಟೀ ಅಂಗಡಿಯಲ್ಲಿ ಇಮಾಮ್ ಸಾಬರು ವ್ಯಾನು ನಿಲ್ಲಿಸುತ್ತಿದ್ದಂತೆ ಹತ್ತು ಜನ ಸುತ್ತುವರಿದರು.

"ಈ ಸುಡು ಬಿಸ್ಲಲ್ಲಿ ಟವಲ್ ಸುತ್ಕಂಡು, ಕೂಗುದ್ರೆ ತಿರುಗ್ದಂಗೆ ಓಯ್ತಾನಲ್ಲ, ಏನ್ ಸಾಬ್ರೆ ಅವ್ನಿಗೆ ಬಂದಿರಾದು?" ಎಂದ ಕುಳ್ಳಯ್ಯ.

ಇಮಾಮ್ ಸಾಬರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅಭ್ಯಾಸವಿಲ್ಲದವರು ಹೇಳಿದರೆ ಅಳತೆ ಸಿಗುವುದಿಲ್ಲ. ಗೆಳೆಯನ ಮಾನ ಉಳಿದರೆ ಸಾಕೆಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು.

"ಅರಕೆ."

"ಏನ್ ಅರಕೆ?"

"ಡೇರಿ ಹಾಲಲ್ಲಿ ನೀರು ನಿಲ್ಲೋ ತನ್ಕ ಆ ಕಡೆ ಈ ಕಡೆ ತಿರುಗಿ ನೋಡಲ್ಲ ಅಂತ."

"ಯಾವ್ ದೇವ್ರಿಗೆ?"

ಸಾಬರು ಟೀ ಲೋಟ ಕೆಳಗಿಟ್ಟರು. ಹಿಂದೂಗಳ ದೇವರಲ್ಲಿ ಒಬ್ಬರ ಹೆಸರು ಹೇಳಿ ಇನ್ನೊಬ್ಬರ ಒಕ್ಕಲಿಗೆ ಬೇಸರ ಮಾಡುವುದು ಬೇಡವೆನ್ನಿಸಿತು. "ಅದನ್ನ ಹೇಳಿದ್ರೆ ಅರಕೆ ಕೆಡ್ತದಂತೆ" ಎಂದು ವ್ಯಾನು ಹತ್ತಿದರು.

ಹಲಗಯ್ಯನಕೊಪ್ಪಲಿನ ಜನ ಕಾರ್ಯದರ್ಶಿಗೆ ಹೆದರುವವರಲ್ಲ, ಸರ್ಕಾರಕ್ಕೂ ಹೆದರುವವರಲ್ಲ. ಆದರೆ ಹರಕೆ ಹೊತ್ತವನ ಮುಂದೆ ನೀರು ಬೆರೆಸಿದ ಹಾಲು ತಂದಿಡುವ ಎದೆಗಾರಿಕೆ ಮಾತ್ರ ಬಹಳ ಜನಕ್ಕೆ ಇರಲಿಲ್ಲ. ಹರಕೆ ಯಾವ ದೇವರಿಗೆ ಎಂದು ಗೊತ್ತಾಗದ್ದರಿಂದ ಪ್ರತಿ ಮನೆಯವರೂ ತಮ್ಮ ಮನೆದೇವರಿಗೇ ಇರಬೇಕೆಂದುಕೊಂಡು ಭಯಪಟ್ಟರು. ಮಂಚಮ್ಮ ನಲ್ಲಿಗೆ ಚಿಂದಿ ಬಟ್ಟೆ ಕಟ್ಟಿದಳು. ಚಿಕ್ಕಸ್ವಾಮಿ ಬೀದಿಯಲ್ಲಿ ನೇರವಾಗಿ ನಡೆದು ಬಂದರೆ ಕೂತವರು ಎದ್ದು ನಿಲ್ಲತೊಡಗಿದರು. ಅವನಿಗೆ ಏನೂ ಅರ್ಥವಾಗಲಿಲ್ಲ. ಎರಡು ದಿನದ ಮೇಲೆ ಇಮಾಮ್ ಸಾಬರು ತಪ್ಪೊಪ್ಪಿಕೊಂಡಾಗ ನಿಜ ಹೇಳಿಬಿಡೋಣವೇ ಎಂದು ತಾಯಿಯನ್ನು ಕೇಳಿದ.

"ಸುಮ್ನಿರ್ಲಾ. ಕಾಯ್ಲೆ ಅನ್ಸ್ಕಳಾದ್ಕಿಂತ ಅರಕೆ ವಾಸಿ" ಎಂದರು ಜಯಲಕ್ಷ್ಮಮ್ಮ.

ಮೂರನೆಯ ವಾರ ನಂಜಪ್ಪನವರು ಸಭೆ ಕರೆದರು. ಚಿಕ್ಕಸ್ವಾಮಿಯನ್ನು ಬಿಟ್ಟು ಊರೆಲ್ಲ ಸೇರಿತು.

"ನೋಡ್ರಪ್ಪ, ಅರಕೆ ತೀರೋಗಂಟ ಇವ್ನು ತಿರುಗಾಕಿಲ್ಲ, ಇವ್ನು ತಿರುಗೋಗಂಟ ನಮ್ಗೆ ನೆಮ್ದಿ ಇಲ್ಲ. ಒಂದು ತಿಂಗ್ಳು ಎಲ್ರೂ ಅಲ್ಲು ಕಚ್ಕಂಡು ಒಳ್ಳೆ ಆಲು ಆಕ್ಬುಡನ. ಅರಕೆ ತೀರುಸ್ಬುಡನ. ಆಮ್ಯಾಕೆ ಮೊದ್ಲಿನಂಗೆ ಇರನ" ಎಂದರು.

"ಒಂದು ತಿಂಗ್ಳಾ?" ಎಂದಳು ಮಂಚಮ್ಮ. ಅವಳ ಕಣ್ಣು ಒದ್ದೆಯಾಗಿತ್ತು.

ಹೀಗೆ ನೀರು ಬೆರೆಸುವ ದಿನಗಳು ಬೇಗ ಬರಲಿ ಎಂಬ ಒಂದೇ ಉದ್ದೇಶದಿಂದ ಊರು ನೀರು ಬೆರೆಸುವುದನ್ನು ಪೂರ್ತಿ ಬಿಟ್ಟಿತು. ದಿನಾ ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಮೇಲಿನ ಆಫೀಸಿನವರು ಮೀಟರು ಕೆಟ್ಟಿರಬೇಕೆಂದು ಹೊಸ ಮೀಟರು ಕಳಿಸಿದರು. ಅದೂ ಇಪ್ಪತ್ತೊಂಬತ್ತು ತೋರಿಸಿತು.

ಇಮಾಮ್ ಸಾಬರ ವ್ಯಾನು ಹೋದ ಕಡೆಯೆಲ್ಲ ಹರಕೆಯ ಸುದ್ದಿಯೂ ಹೋಯಿತು. ಪಾಂಡವಪುರದ ಬೋರಯ್ಯನವರ ಕಿವಿಗೂ ಬಿತ್ತು. ಅವರು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕ ಬರೆಯುವವರು. ಮೂವತ್ತು ವರ್ಷದಿಂದ ಜನ ಅವರ ಮುಂದೆ ಕೆಮ್ಮುತ್ತಲೇ ಬಂದಿದ್ದರು, ಅವರೂ ತಿರುಗಿದವರಲ್ಲ. ತಮ್ಮಂಥ ಇನ್ನೊಬ್ಬ ಈ ಸೀಮೆಯಲ್ಲಿ ಇದ್ದಾನೆಂದು ತಿಳಿದು, ಅಂಗನವಾಡಿ ಟೀಚರಾಗಿದ್ದ ತಮ್ಮ ಮಗಳು ಪವಿತ್ರಳ ಜಾತಕವನ್ನು ಸಾಬರ ಕೈಯಲ್ಲೇ ಕಳಿಸಿದರು.

ಹೆಣ್ಣು ನೋಡುವ ದಿನ ಚಿಕ್ಕಸ್ವಾಮಿ ಪಟ್ಟಿ ತೆಗೆದಿಟ್ಟು ಬರೀ ಶಲ್ಯ ಸುತ್ತಿಕೊಂಡು ಹೋದ. ಪಾಂಡವಪುರದವರೆಗಿನ ಬಸ್ಸು ಗುಂಡಿಗುಂಡಿಗೂ ಅವನ ಕತ್ತಿನ ಯೋಗಕ್ಷೇಮ ವಿಚಾರಿಸಿತ್ತು. ಅವನನ್ನು ಕುರ್ಚಿಯ ಮೇಲೆ ಕೂರಿಸಿದರು. ಪದ್ಧತಿಯಂತೆ ಹುಡುಗಿಯನ್ನು ಎದುರಿಗೆ ಚಾಪೆಯ ಮೇಲೆ ಕೂರಿಸಿದರು. ಕುರ್ಚಿಯಲ್ಲಿ ಕೂತು ಚಾಪೆ ನೋಡಬೇಕಾದರೆ ಕತ್ತು ಬಗ್ಗಬೇಕು. ಚಿಕ್ಕಸ್ವಾಮಿಗೆ ಕಂಡದ್ದು ಒಂದು ಗಡಿಯಾರ ಮತ್ತು ಹಿಂದಿನ ವರ್ಷದ ಒಂದು ಕ್ಯಾಲೆಂಡರು. "ನೋಡ್ಲಾ" ಎಂದು ತಾಯಿ ತಿವಿದರು. ಅವನು ಕ್ಯಾಲೆಂಡರನ್ನು ಇನ್ನಷ್ಟು ಗಮನವಿಟ್ಟು ನೋಡಿದ.

ಪವಿತ್ರ ಎದ್ದು ಹೋಗಿ ಕಾಫಿ ತಟ್ಟೆ ತಂದು ಅವನೆದುರು ಹಿಡಿದಳು. ಅವನು ಕ್ಯಾಲೆಂಡರು ನೋಡುತ್ತಲೇ ಕೈ ಚಾಚಿದ. ಬೆರಳು ಖಾರಾಬೂಂದಿಗೆ ಹೋಯಿತು. ಅಲ್ಲಿಂದ ಸರಿಸಿದ, ಈ ಸಲ ಬಿಸಿ ಕಾಫಿಯೊಳಕ್ಕೇ ಹೋಯಿತು. ಬಾಯಿ ಬಿಡದೆ ಸಹಿಸಿಕೊಂಡ. ಆಮೇಲೆ ತಟ್ಟೆ ಮೆಲ್ಲಗೆ ಮೇಲೇರತೊಡಗಿತು. ಎದೆ ದಾಟಿ ಗಲ್ಲದ ಹತ್ತಿರ ಬಂದು ನಿಂತಿತು. ಅವನಿಗೆ ತಟ್ಟೆ ಕಂಡಿತು, ಲೋಟ ಕಂಡಿತು, ತಟ್ಟೆ ಹಿಡಿದ ಎರಡು ಕೈ ಕಂಡವು. ಬಲಗೈಯ ಹೆಬ್ಬೆರಳಿನ ಮೇಲೆ ಸೀಮೆಸುಣ್ಣದ ಪುಡಿ ಇತ್ತು. ಲೋಟ ತೆಗೆದುಕೊಂಡ ಮೇಲೆ ಕೈಗಳು ಕೆಳಗಿಳಿದು ಹೋದವು.

"ಇವತ್ತಿನ ಕಾಲದಲ್ಲಿ ಇಂಥ ಹುಡುಗ್ರು ಎಲ್ಲವ್ರೆ? ಬಂದಾಗಿಂದ ಹುಡುಗೀನ ಒಂದ್ ಸಲನೂ ನೋಡಿಲ್ಲ" ಎಂದು ಬೋರಯ್ಯ ಕರಗಿಹೋದರು. "ನನ್ದು ಒಪ್ಗೆ ಅದೆ. ಆದ್ರೆ ಅರಕೆ ತೀರೋಕೆ ಮುಂಚೆ ಶುಭಕಾರ್ಯ ಬ್ಯಾಡ. ಅವತ್ತು ನಾವೂ ಬತ್ತೀವಿ. ನೀವು ಕತ್ತು ತಿರುಗ್ಸಿ, ಅಲ್ಲೇ ತಾಂಬೂಲ ಬದ್ಲಾಯ್ಸ್ಕೊಳಣ."

ವಾಪಸ್ಸು ಬರುವಾಗ ಜಯಲಕ್ಷ್ಮಮ್ಮ, "ಎಣ್ಣು ಎಂಗವ್ಳೆ?" ಎಂದು ಕೇಳಿದರು.

"ಕೈ ಚೆನ್ನಾಗವೆ ಕಣವ್ವ" ಎಂದ ಚಿಕ್ಕಸ್ವಾಮಿ.

ಆ ಕೈಗಳು ಮೇಲೇರಿ ಬಂದ ರೀತಿ ಅವನ ಮನಸ್ಸಿನಿಂದ ಹೋಗಲಿಲ್ಲ. ಒಂದು ವರ್ಷದಲ್ಲಿ ಅವನ ಹತ್ತಿರಕ್ಕೆ ತಾನಾಗಿ ಬಂದ ವಸ್ತು ಅದೊಂದೇ. ಅವನು ಡಾಕ್ಟರಮ್ಮ ಹೇಳಿಕೊಟ್ಟ ವ್ಯಾಯಾಮಕ್ಕೆ ಬಿದ್ದ. ಗೋಡೆಗೆ ಬೆನ್ನು ಕೊಟ್ಟು ನಿಂತು, ಶಾಖ ಕೊಟ್ಟುಕೊಂಡು, ದಿನಕ್ಕೆ ಇಪ್ಪತ್ತು ಸಲ ಕತ್ತು ತಿರುಗಿಸಿದ. ಮೊದಲ ವಾರ ಬಾಗಿಲಿನಿಂದ ಕಿಟಕಿಯವರೆಗೆ ತಿರುಗಿತು. ಎರಡನೇ ವಾರ ಕಿಟಕಿ ದಾಟಿ ರೇಡಿಯೋವಿನ ಅಂಚಿಗೆ ಬಂತು. ಇನ್ನೊಂದು ಗೇಣು ತಿರುಗಿದರೆ ಮದುವೆ ಎಂದು ಲೆಕ್ಕ ಹಾಕಿದ. ಹರಕೆ ತೀರಿಸುವ ದಿನದ ಹಿಂದಿನ ರಾತ್ರಿ ಯೋಚನೆಗೆ ನಿದ್ದೆ ಬರದೆ, ಬೆಳಗಾಗುವಷ್ಟರಲ್ಲಿ ಕತ್ತು ಮತ್ತೆ ಬಾಗಿಲಿಗೇ ಬಂದು ನಿಂತಿತ್ತು. ಪಟ್ಟಿ ಇಲ್ಲದೆ ತಲೆ ನಿಲ್ಲುವಂತಿರಲಿಲ್ಲ. ಪಟ್ಟಿ ಹಾಕಿ, ಟವಲ್ ಸುತ್ತಿ, ಜಯಲಕ್ಷ್ಮಮ್ಮ ಮಗನನ್ನು ಕಳಿಸಿಕೊಟ್ಟರು.

ಡೇರಿಯ ಮುಂದೆ ಚಪ್ಪರ ಹಾಕಿತ್ತು. ಬೆಳಗಿನ ಹಾಲು ಹಾಕಿ ಮುಗಿದ ಕೂಡಲೇ ಕಾರ್ಯಕ್ರಮ. ಚಿಕ್ಕಸ್ವಾಮಿಯನ್ನು ಮಧ್ಯದ ಕುರ್ಚಿಯಲ್ಲಿ ಕೂರಿಸಿದರು. ಎದುರಿಗೇ ಬೋರಯ್ಯ ತಾಂಬೂಲದ ತಟ್ಟೆ ಇಟ್ಟುಕೊಂಡು ಕೂತಿದ್ದರು. ಎಡಗಡೆ ಬೆಂಚಿನ ಮೇಲೆ ಹೆಂಗಸರು. ಅಲ್ಲೆಲ್ಲೋ ಪವಿತ್ರ ಇದ್ದಾಳೆಂದು ಅವನಿಗೆ ಗೊತ್ತಿತ್ತು, ಕಾಣುತ್ತಿರಲಿಲ್ಲ. ನಂಜಪ್ಪನವರು ಮೂವತ್ತು ದಿನದ ಲೆಕ್ಕವನ್ನು ಗಟ್ಟಿಯಾಗಿ ಓದಿದರು. ಓದುವಾಗ ಅವರ ಮುಖದಲ್ಲಿ ಜೈಲಿನಿಂದ ಬಿಡುಗಡೆಯಾಗುವವನ ಕಳೆಯಿತ್ತು.

"ಈಗ ಚಿಕ್ಕಸ್ವಾಮಿಯವರು ಬಲಕ್ಕೆ ಒಂದ್ ದಪ, ಎಡಕ್ಕೆ ಒಂದ್ ದಪ ತಿರುಗಿ ನೋಡಿ ಅರಕೆ ತೀರುಸ್ತಾರೆ" ಎಂದು ಸಾರಿ, ತಮ್ಮ ಕೈಯಾರೆ ಟವಲ್ ಎಳೆದರು.

ಬಿಳೀ ಪಟ್ಟಿ ಬಿಸಿಲಿಗೆ ಫಳಫಳ ಹೊಳೆಯಿತು.

"ಇದೇನ್ಲಾ, ಅಸೀನ ಕತ್ತಿಗೆ ಕಟ್ಟೋ ಪಟ್ಟಿ ಇದ್ದಂಗದೆ" ಎಂದಳು ಮಂಚಮ್ಮ.

"ಅದೂ ಅರಕೇದೇ ಅಂತ ಹೇಳಪ್ಪ" ಎಂದು ಹಿಂದಿನಿಂದ ಇಮಾಮ್ ಸಾಬರು ಪಿಸುಗುಟ್ಟಿದರು.

ಹೇಳಿಬಿಡಬಹುದಾಗಿತ್ತು. ಊರು ನಂಬುತ್ತಲೂ ಇತ್ತು. ಆದರೆ ಸುಳ್ಳು ಹೇಳುವವನು ಎದುರಿನವರ ಕಣ್ಣು ತಪ್ಪಿಸಬೇಕು, ಕಣ್ಣು ತಪ್ಪಿಸಲು ಕತ್ತು ತಿರುಗಬೇಕು. ಚಿಕ್ಕಸ್ವಾಮಿಯ ನೇರಕ್ಕೆ ಬೋರಯ್ಯನವರ ಮುಖವಿತ್ತು. ಅದನ್ನೇ ನೋಡುತ್ತಾ ಅವನು ಹೇಳಿದ.

"ಅರಕೆ ಗಿರಕೆ ಏನಿಲ್ಲ ಬೋರಯ್ಯನೋರೆ. ಕೀಲುವಾತ. ವಾಸಿ ಆಗಾಕಿಲ್ವಂತೆ. ಕತ್ತು ತಿರುಗಾಕಿಲ್ಲ, ಬಗ್ಗಾಕಿಲ್ಲ. ಬೆಳಿಗ್ಗೆ ನಮ್ಮವ್ವ ಎತ್ತಿ ಕುಂಡ್ರುಸ್ಬೇಕು. ಗೊತ್ತಾದ್ರೆ ಯಾರೂ ಎಣ್ಣು ಕೊಡಾಕಿಲ್ಲ ಅಂತ ಮುಚ್ಚಿಟ್ಟೆ. ಮೀಟ್ರು ಎತ್ತಿ ಇಡ್ದಿದ್ದೂ ಬಗ್ಗಾಕಾಗ್ದಲೇಯ. ನನ್ನಿಂದ ಎಲ್ರಿಗೂ ತೊಂದ್ರೆ ಆಯ್ತು. ತಪ್ಪಾಯ್ತು."

ಚಪ್ಪರದಲ್ಲಿ ಗುಲ್ಲೆದ್ದಿತು. ನಂಜಪ್ಪನವರು ಕುರ್ಚಿ ಹುಡುಕಿ ಕುಳಿತರು. "ಮೂವತ್ ದಿವ್ಸ ಕಣಪ್ಪ" ಎಂದು ಯಾರನ್ನೋ ನೋಡಿ ಹೇಳಿದರು. ಅದು ಯಾರಿಗೂ ಕೇಳಿಸಲಿಲ್ಲ. ಜಯಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು.

ಬೋರಯ್ಯ ತಾಂಬೂಲದ ತಟ್ಟೆ ಹಿಡಿದು ಎದ್ದು ನಿಂತರು. "ಗಾಡಿ ನೋಡ್ತಿದ್ದಂಗೆ ತೂಕ ಯೋಳೋನು ನಾನು. ನಿಮ್ಮನ್ನ ತೂಗಾಕಾಗ್ಲಿಲ್ವಲ್ಲ" ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. "ಪವಿತ್ರ, ಏಳವ್ವ, ಓಗನ."

"ನಂಗೆ ಅವತ್ತೇ ಗೊತ್ತಿತ್ತು ಅಪ್ಪಾಜಿ" ಎಂದಿತು ಎಡಗಡೆಯಿಂದ ಒಂದು ದನಿ.

ಚಿಕ್ಕಸ್ವಾಮಿಯೊಬ್ಬನನ್ನು ಬಿಟ್ಟು ಎಲ್ಲರೂ ಆ ಕಡೆ ತಿರುಗಿದರು.

"ಕಾಫಿ ಕೊಟ್ಟಾಗ್ಲೇ ಗೊತ್ತಾಯ್ತು. ಬಿಸಿ ಕಾಫಿ ಒಳೀಕೆ ಬೆರಳು ಅದ್ದಿದ್ರೂ ಬಗ್ಗಿ ನೋಡ್ಲಿಲ್ಲ. ಅಜ್ಜಿನೂ ಕಡೇ ಎಂಟು ವರ್ಷ ಅಂಗೇ ಇರ್ಲಿಲ್ವಾ? ಅವರ್ಗೆ ಊಟ ಎತ್ತಿ ಹಿಡಿತಿದ್ದೋಳು ನಾನು ತಾನೆ."

"ಗೊತ್ತಿದ್ರೆ ಯಾಕ್ ಯೋಳ್ಲಿಲ್ಲ?"

"ಅವರ ಕಾಯಿಲೆ, ಅವರೇ ಹೇಳ್ಬೇಕಲ್ವಾ. ಹೇಳ್ತಾರಾ ಅಂತ ಕಾಯ್ತಿದ್ದೆ. ಹೇಳಿದ್ರು. ನನಗೆ ಒಪ್ಪಿಗೆ ಇದೆ."

ಬೋರಯ್ಯ ನಿಂತೇ ಇದ್ದರು. ತಟ್ಟೆ ಮಾತ್ರ ಮೆಲ್ಲಗೆ ಕುರ್ಚಿಯ ಮೇಲೆ ಕುಳಿತಿತು.

ಎಲ್ಲರ ಕಣ್ಣೂ ಈಗ ಚಿಕ್ಕಸ್ವಾಮಿಯ ಮೇಲೆ. ಅವನು ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡು, ಕಾಲೂರಿ, ಕೂತ ಕುರ್ಚಿಯನ್ನು ತನ್ನ ಸಮೇತ ಎಡಕ್ಕೆ ತಿರುಗಿಸತೊಡಗಿದ. ಕುರ್ಚಿ ಕಲ್ಲಿನ ಮೇಲೆ ಕಿರ್ರೆಂದಿತು. ಗೇಣು ಗೇಣಾಗಿ ತಿರುಗಿತು. ಮಂಚಮ್ಮ ಕಂಡಳು, ಕುಳ್ಳಯ್ಯನ ಹೆಂಡತಿ ಕಂಡಳು, ಆಮೇಲೆ ಹಸಿರು ಸೀರೆಯ ಒಬ್ಬಳು ಹುಡುಗಿ ಕಂಡಳು. ಮುಖದಿಂದ ಗೊತ್ತಾಗಲಿಲ್ಲ. ತೊಡೆಯ ಮೇಲಿಟ್ಟುಕೊಂಡಿದ್ದ ಕೈಗಳಿಂದ ಗುರುತು ಹಿಡಿದ.

ಪವಿತ್ರ ಎದ್ದು ಬಂದು, ಮುಖ ಅವನ ಕಣ್ಣಿನ ನೇರಕ್ಕೆ ಬರುವಂತೆ ಬಗ್ಗಿ ನಿಂತಳು. ಇದೇ ಮೊದಲ ಸಲ ಅವನು ಅವಳನ್ನು ನೋಡಿದ್ದು. ಬಹಳ ಸಂತೋಷವಾಯಿತು.

"ಬೆಳಿಗ್ಗೆ ಎಷ್ಟೊತ್ತು ಹಿಡ್ಕೊಂಡಿರುತ್ತೆ?" ಎಂದು ಅವಳು ಕೇಳಿದಳು.

"ಒಂದ್ ಗಂಟೆ. ಮಳೆಗಾಲ್ದಲ್ಲಿ ಇನ್ನೂ ವಸಿ ಜಾಸ್ತಿ."

"ಸರಿ" ಎಂದಳು ಪವಿತ್ರ.

ಲಗ್ನ ಗೊತ್ತಾಯಿತು. ನಾಲ್ಕು ದಿನ ಬಿಟ್ಟು ಇಮಾಮ್ ಸಾಬರು ವ್ಯಾನಿನಿಂದ ಒಂದು ಎತ್ತರದ ಮರದ ಸ್ಟೂಲು ಇಳಿಸಿದರು. ಪಾಂಡವಪುರದಿಂದ ಬಂದದ್ದು. ಅದನ್ನು ಡೇರಿಯ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಜಾರು ಇಟ್ಟರೆ, ಸರಿಯಾಗಿ ಚಿಕ್ಕಸ್ವಾಮಿಯ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ಹೆಣ್ಣು ನೋಡಲು ಬಂದ ದಿನವೇ ಪವಿತ್ರ ಅವನ ಎತ್ತರವನ್ನೂ, ಚಪ್ಪರದ ದಿನ ಕಟ್ಟೆಯ ಎತ್ತರವನ್ನೂ ಕಣ್ಣಲ್ಲೇ ಅಳೆದಿದ್ದಳು.

ಆ ಬೆಳಿಗ್ಗೆ ಸಾಲಿನಲ್ಲಿ ಮೊದಲು ನಿಂತವಳು ಮಂಚಮ್ಮ. ಹರಕೆಯ ಭಯ ಹೋಗಿತ್ತು, ನಲ್ಲಿಯ ಚಿಂದಿ ಬಿಚ್ಚಿತ್ತು. ಚಿಕ್ಕಸ್ವಾಮಿ ಅವಳ ಹಾಲನ್ನು ಜಾರಿಗೆ ಸುರಿದು ಸ್ಟೂಲಿನ ಮೇಲಿಟ್ಟ. ಬಿಸಿಲಿನಲ್ಲಿ ಮೀಟರು ಮೆಲ್ಲಗೆ ಮುಳುಗಿತು.

"ಅರಕೆ ಇಲ್ಲ ಅಂತ ನೀನೇ ಅಂದಲ್ಲ. ಕೆಳೀಕ್ ಮಡುಗ್ಲಾ ಮಗ. ಮಗ್ಳು ಬಾಣಂತಿ" ಎಂದಳು ಮಂಚಮ್ಮ. ಪಾಪ, ಈ ಸಲ ಅವಳ ಮಗಳು ನಿಜವಾಗಿಯೂ ಬಾಣಂತಿಯಾಗಿದ್ದಳು.

ಎಡಗಡೆ ನಂಜಪ್ಪನವರು ಕೆಮ್ಮಿದರು. ಚಿಕ್ಕಸ್ವಾಮಿಯ ಕತ್ತು ಆ ದಿನ ಹಗುರಾಗಿತ್ತು. ಮನಸ್ಸು ಮಾಡಿದ್ದರೆ ಅವರ ಹುಬ್ಬಿನವರೆಗೆ ತಿರುಗುತ್ತಿತ್ತು. ಅವನು ಸ್ಟೂಲಿನ ಮೇಲೆ ಒಂದು ಕೈ ಇಟ್ಟುಕೊಂಡು, ಮೀಟರನ್ನೇ ನೋಡಿ, ಇಪ್ಪತ್ನಾಲ್ಕು ಎಂದು ಬರೆದ.